ಎಕ್ಸಿಟ್ 30

ಅಮೆರಿಕದ ಷಾರ್ಲೆಟ್‌ನಿಂದ ಐ-77 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು ಅರ್ಧ ಗಂಟೆಯ ದಾರಿ. ನಾರ್ಮನ್ ಸರೋವರದ ನೀರು ಕಾಣುವ ಹೊತ್ತಿಗೆ ಎಕ್ಸಿಟ್ 30ರ ಬೋರ್ಡು ಬರುತ್ತದೆ. ಡೇವಿಡ್‌ಸನ್ ಊರಿಗೆ ತಿರುಗುವುದು ಅಲ್ಲೇ. ಬ್ಯಾಸ್ಕೆಟ್‌ಬಾಲ್ ತಾರೆ ಸ್ಟೀಫನ್ ಕರ್ರಿ ಈ ಊರಿನ ಕಾಲೇಜಿಗೆ ಆಡುವಾಗ ಹಾಕುತ್ತಿದ್ದ ಜೆರ್ಸಿಯ ನಂಬರೂ 30. ಆ ಬೋರ್ಡು ಕಂಡರೆ ಪ್ರತಿ ಸಲವೂ ನನಗೆ ಖುಷಿ. ಈ ಸಲ ಪಕ್ಕದ ಸೀಟಿನಲ್ಲಿ ಅಪ್ಪ ಇದ್ದರು.

ಅಪ್ಪ ಸಾಗರದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಬ್ಯಾಸ್ಕೆಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ವಾಲಿಬಾಲ್ ಅಂದರೆ ಪ್ರಾಣ.

"ಷಾರ್ಲೆಟ್‌ನಲ್ಲೇ ದೊಡ್ಡ ಟೀಮ್ ಇದೆ ಅಂತಿದ್ದೆ. ಇಷ್ಟು ದೂರ ಯಾಕೋ?"

"ಇಲ್ಲಿ ಹುಡುಗರ ಶೂ ಸದ್ದೂ ಕೇಳಿಸುತ್ತೆ ಅಪ್ಪ. ಬನ್ನಿ, ನೋಡಿ."

ಮ್ಯಾಚಿಗೆ ಇನ್ನೂ ಹೊತ್ತಿತ್ತು. ಕ್ಯಾಂಪಸ್ ಸುತ್ತಿದೆವು. 1837ರಲ್ಲಿ ಶುರುವಾದ ಕಾಲೇಜು, ಈಗಲೂ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳಷ್ಟೇ. ಮರಗಳಿಗೆ ಹೆಸರಿನ ಪಟ್ಟಿ ಹಾಕಿದ್ದಾರೆ. ಜನವರಿಯಲ್ಲಿ ಎಲೆ ಎಲ್ಲ ಉದುರಿತ್ತು. ಅಪ್ಪ ಪ್ರತಿ ಮರದ ಹತ್ತಿರವೂ ನಿಂತು ಹೆಸರು ಓದಿದರು.

ಮೇನ್ ಸ್ಟ್ರೀಟಿನಲ್ಲಿ ಕಾಫಿ ಕುಡಿಯುತ್ತಾ ಅವರಿಗೆ ಚಾರ್ಲಿ ಸ್ಕಾಟ್ ಅನ್ನೋ ಆಟಗಾರನ ಕಥೆ ಹೇಳಿದೆ. ಅದನ್ನು ಬಿಟ್ಟು ಈ ಊರಿನ ಆಟದ ಕಥೆ ಹೇಳುವುದು ಸರಿಯಲ್ಲ ಅಂತ ನನ್ನ ಅನಿಸಿಕೆ. 1960ರ ದಶಕದಲ್ಲಿ ಲೆಫ್ಟಿ ಡ್ರೀಸೆಲ್ ಇಲ್ಲಿ ಕೋಚ್. ಸ್ಕಾಟ್ ಇಲ್ಲಿಗೇ ಬರಬೇಕು ಅಂತ ಅವರ ಆಸೆ. ಆದರೆ ಊರಿನ ಒಂದು ಹೋಟೆಲಿನಲ್ಲಿ ಸ್ಕಾಟ್ ಕಡೆಯವರಿಗೆ ಕಪ್ಪು ಜನ ಅಂತ ಊಟ ಕೊಡಲಿಲ್ಲ. ಸ್ಕಾಟ್ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಸೇರಿದರು. 1969ರಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಹಂತಕ್ಕೆ ಹೋಗಲು ಡೇವಿಡ್‌ಸನ್‌ಗೆ ಒಂದೇ ಮ್ಯಾಚ್ ಬಾಕಿ. ಎದುರಿಗೆ ಸ್ಕಾಟ್ ಸೇರಿದ್ದ ಅದೇ ನಾರ್ತ್ ಕ್ಯಾರೊಲೈನಾ. ಕೊನೇ ಗಳಿಗೆಯಲ್ಲಿ ಸ್ಕಾಟ್ ಹೊಡೆದ ಬಾಲು ಬುಟ್ಟಿಗೆ ಬಿತ್ತು. 87-85. ಡೇವಿಡ್‌ಸನ್ ಸೋತಿತು.

ಅಪ್ಪ ಲೋಟ ಕೆಳಗಿಟ್ಟರು. "ಊಟ ಕೊಡಲಿಲ್ಲವಾ?" ಅಂತ ಇನ್ನೊಂದು ಸಲ ಕೇಳಿದರು. ಸ್ಕೋರಿನ ಬಗ್ಗೆ ಏನೂ ಕೇಳಲಿಲ್ಲ.

ಮ್ಯಾಚ್ ನಡೆಯುವ ಬೆಲ್ಕ್ ಅರೀನಾದಲ್ಲಿ ಸುಮಾರು ಐದು ಸಾವಿರ ಜನ ಕೂರಬಹುದು. ಒಳಗೆ ಹೋದ ಕೂಡಲೇ, ಕರ್ರಿಯ ಗೌರವಕ್ಕೆ ಮೇಲೆ ಏರಿಸಿರುವ 30ನೇ ನಂಬರ್ ತೋರಿಸಿದೆ. 1989ರಿಂದ 2022ರವರೆಗೆ ಇಲ್ಲಿ ಬಾಬ್ ಮೆಕಿಲಪ್ ಕೋಚ್ ಆಗಿದ್ದರು. ದೊಡ್ಡ ಕಾಲೇಜುಗಳು ಸಣಕಲ ಅಂತ ಬಿಟ್ಟ ಕರ್ರಿಯನ್ನು ಕರೆದು ಆಡಿಸಿದ್ದು ಅವರೇ. 2008ರ ರಾಷ್ಟ್ರೀಯ ಟೂರ್ನಿಯಲ್ಲಿ ಗೊನ್ಜಾಗಾ ಕಾಲೇಜಿನ ಮೇಲೆ ಕರ್ರಿ ಒಬ್ಬರೇ 40 ಪಾಯಿಂಟ್ ಹೊಡೆದರು. ಆಮೇಲೆ ಜಾರ್ಜ್‌ಟೌನ್ ಸೋತಿತು, ವಿಸ್ಕಾನ್ಸಿನ್ ಸೋತಿತು. ಡೆಟ್ರಾಯ್ಟ್‌ನಲ್ಲಿ ನಡೆದ ಆ ವಿಸ್ಕಾನ್ಸಿನ್ ಮ್ಯಾಚಿಗೆ ಹೋಗಲು ಕಾಲೇಜಿನ ಟ್ರಸ್ಟಿಗಳು ವಿದ್ಯಾರ್ಥಿಗಳಿಗೆ ಬಸ್ಸು, ಉಳಿಯುವ ಜಾಗ, ಟಿಕೆಟ್ ಎಲ್ಲ ಪುಕ್ಕಟೆ ಕೊಟ್ಟರು. ಎಂಥಾ ಮನಸ್ಸು ಅಲ್ವಾ? ಕೊನೆಗೆ ಕಾನ್ಸಸ್ ಎದುರು 59-57ರಲ್ಲಿ ಸೋಲು. ಕಡೇ ಗಳಿಗೆಯಲ್ಲಿ ಇಬ್ಬರು ಬಂದು ಕರ್ರಿಯನ್ನು ಮುತ್ತಿದರು, ಅವರು ಜೇಸನ್ ರಿಚರ್ಡ್ಸ್‌ಗೆ ಬಾಲು ಕೊಟ್ಟರು. ಅದು ಬುಟ್ಟಿಗೆ ಬೀಳಲಿಲ್ಲ. ಆ ಬಾಲನ್ನು ನೆನೆದು ನಿಟ್ಟುಸಿರು ಬಿಡುವವರು ಇಲ್ಲಿ ಈಗಲೂ ಇದ್ದಾರೆ.

"ಆ ಹುಡುಗ ಡಿಗ್ರಿ ಮುಗಿಸಿದ್ನಾ?" ಅಪ್ಪನಿಗೆ ಬೇಕಾಗಿದ್ದು ಅದು.

ಕರ್ರಿ 2009ರಲ್ಲಿ ಮೂರೇ ವರ್ಷ ಓದಿ ಎನ್‌ಬಿಎಗೆ, ಅಂದರೆ ದುಡ್ಡಿಗೆ ಆಡುವವರ ದೊಡ್ಡ ಲೀಗಿಗೆ ಹೋದರು. ಡಿಗ್ರಿ ಇಲ್ಲದವರ ನಂಬರನ್ನು ಈ ಕಾಲೇಜು ಮೇಲೆ ಏರಿಸುವುದಿಲ್ಲ. ಅವರು ಎಷ್ಟು ದೊಡ್ಡ ಆಟಗಾರರಾದರೂ ಕಾಲೇಜು ಕಾಯಿತು. 2022ರಲ್ಲಿ ಓದು ಮುಗಿಸಿದರು. ಆ ವರ್ಷ ಆಗಸ್ಟ್ 31ರಂದು ಇದೇ ಅಂಗಳದಲ್ಲಿ ಅವರೊಬ್ಬರಿಗಾಗಿಯೇ ಪದವಿ ಸಮಾರಂಭ ಮಾಡಿ, ನಂಬರ್ ಏರಿಸಿದರು. ಅಪ್ಪ ತಲೆ ಎತ್ತಿ ಬಹಳ ಹೊತ್ತು ನೋಡಿದರು. "ಸರಿಯಾದ ಕಾಲೇಜು" ಅಂದರು.

ಮ್ಯಾಚ್ ಶುರುವಾಯಿತು. ಎದುರಾಳಿಗಳು ಎತ್ತರದವರು. ಮೊದಲರ್ಧ ನಮ್ಮವರು ಬಿಡಲಿಲ್ಲ. ಅಪ್ಪನಿಗೆ ನಿಯಮ ಹೇಳಿಕೊಡಬೇಕಾಗಲೇ ಇಲ್ಲ. ಎಡಗಡೆ ಮೂಲೆಯ ಹುಡುಗನನ್ನು ಯಾರೂ ಕಾಯುತ್ತಿಲ್ಲ ಅಂತ ನನಗಿಂತ ಮೊದಲು ಕಂಡುಹಿಡಿದರು. "ಅವನಿಗೆ ಕೊಡ್ರೋ!" ಅಂತ ಕನ್ನಡದಲ್ಲೇ ಕೂಗಿದರು. ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿ ಹೆಬ್ಬೆರಳು ಎತ್ತಿದರು. ದ್ವಿತೀಯಾರ್ಧದಲ್ಲಿ ಕಾಲು ಸೋತವು. ಒಂಬತ್ತು ಪಾಯಿಂಟಿನಿಂದ ಸೋತೆವು. ಆದರೂ ಹೆಚ್ಚಿನವರು ಕೊನೆವರೆಗೆ ಕೂತಿದ್ದರು. ಆಟ ಮುಗಿದ ಮೇಲೆ ಹುಡುಗರ ಹೆಸರು ಕರೆದು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ವಾಪಸ್ ಬರುವಾಗ ಕತ್ತಲಾಗಿತ್ತು. ಹೈವೇ ಸೇರಿದ ಮೇಲೆ ಅಪ್ಪ 1986ರ ತಮ್ಮ ಶಾಲೆಯ ವಾಲಿಬಾಲ್ ತಂಡದ ಮಾತು ತೆಗೆದರು. ಶಿವಮೊಗ್ಗದಲ್ಲಿ ಜಿಲ್ಲಾ ಫೈನಲ್ ಸೋತು, ಹುಡುಗರನ್ನು ಕೊನೇ ಬಸ್ಸಿನಲ್ಲಿ ಕರೆತಂದ ರಾತ್ರಿ. ಆ ಆರು ಹುಡುಗರ ಹೆಸರು, ಅವರವರ ಊರು, ಯಾರು ಎಲ್ಲಿ ನಿಲ್ಲುತ್ತಿದ್ದರು, ಕೊನೇ ಸರ್ವ್ ಯಾರ ಕೈಯಿಂದ ನೆಟ್ಟಿಗೆ ಬಡಿಯಿತು, ಎಲ್ಲವನ್ನೂ ಹೇಳುತ್ತಾ ಹೋದರು. ಷಾರ್ಲೆಟ್ ದೀಪಗಳು ಕಾಣುವಾಗ ಅವರಿನ್ನೂ ಎರಡನೇ ಸೆಟ್ಟಿನಲ್ಲಿದ್ದರು.