ಇಬ್ಬರಿದ್ದರೆ ಬಣ್ಣಕ್ಕೆ ನಾಲ್ಕೇ ಬಿಲ್ಲೆ

ಚಿಕ್ಕಮಗಳೂರು
14 ಜುಲೈ 2024, ಭಾನುವಾರ

ಬೆಳಗಿನಿಂದ ಬಿಡದ ಮಳೆ. ಮೇಜಿನ ಮೇಲೆ ಸ್ಪ್ಲೆಂಡರ್, ರತ್ನದ ಬಿಲ್ಲೆ ಕೊಟ್ಟು ಕಾರ್ಡು ಕೊಂಡು ಅಂಕ ಗಳಿಸುವ ಬೋರ್ಡ್ ಆಟ. ಬೆಳಿಗ್ಗೆ ಆಡಲು ಇಬ್ಬರು, ಮಧ್ಯಾಹ್ನದ ಕಾಫಿ ಹೊತ್ತಿಗೆ ಮೂವರು, ಸಂಜೆಗೆ ಐವರು. ಚೌಕಾಬಾರಕ್ಕಾದರೆ ಇಬ್ಬರು ಕೂತರೂ ನಾಲ್ವರು ಕೂತರೂ ಅದೇ 25 ಮನೆ, ಅದೇ ನಾಲ್ಕು ಕವಡೆ. ಈ ಹೊಸ ಆಟಗಳಲ್ಲಿ ಮೊದಲು ತಲೆ ಎಣಿಸಬೇಕು, ಆಮೇಲೆ ಆಟ ಹೂಡಬೇಕು.

ಸ್ಪ್ಲೆಂಡರ್‌ನಲ್ಲಿ ರತ್ನದ ಬಿಲ್ಲೆಗಳು ಐದು ಬಣ್ಣ, ಬಣ್ಣಕ್ಕೆ 7. ನಾಲ್ವರಿಗೆ ಅಷ್ಟೂ ಬೇಕು. ಮೂವರಿಗೆ ಬಣ್ಣಕ್ಕೆ 5, ಇಬ್ಬರಿಗೆ 4. ಯಾವ ಬಣ್ಣದ ಬದಲಿಗೂ ನಡೆಯುವ ಚಿನ್ನದವು ಯಾವಾಗಲೂ 5. ಹೆಚ್ಚುವರಿ ಅಂಕ ಕೊಡುವ ಗಣ್ಯರ ಬಿಲ್ಲೆ ಆಡುವವರಿಗಿಂತ ಒಂದು ಹೆಚ್ಚು.

ಇಬ್ಬರೇ ಇದ್ದಾಗಲೂ ಏಳೇಳು ಇಟ್ಟೇ ಆಡಿದರೆ ಏನಾಗುತ್ತದೆ? ಒಂದೇ ಬಣ್ಣದ ಎರಡು ಬಿಲ್ಲೆ ಎತ್ತಬೇಕಾದರೆ ಆ ರಾಶಿಯಲ್ಲಿ ಕನಿಷ್ಠ 4 ಇರಬೇಕು. ನಾಲ್ಕೇ ಇಟ್ಟಿದ್ದರೆ, ಯಾರೂ ಮುಟ್ಟದ ರಾಶಿಯಿಂದ ಮಾತ್ರ ಜೋಡಿ ಸಿಗುತ್ತದೆ; ಎದುರಿನವರು ಒಂದೇ ಒಂದು ಎತ್ತಿದರೂ ಆ ದಾರಿ ಬಂದ್. ಆಟದ ಬಿಗಿ ಇರುವುದೇ ಅಲ್ಲಿ. ಏಳಿದ್ದರೆ ಯಾರಿಗೂ ಯಾವುದಕ್ಕೂ ಬರವಿಲ್ಲ, ಕಾರ್ಡು ಕಾದಿರಿಸಿ ಚಿನ್ನ ಪಡೆಯುವ ಗೋಜಿಗೇ ಯಾರೂ ಹೋಗುವುದಿಲ್ಲ. ‘ಸಪ್ಪೆ ಆಟ’ ಅಂತ ಡಬ್ಬಿ ಅಟ್ಟ ಸೇರುತ್ತದೆ. ತೆಗೆದ 15 ಬಿಲ್ಲೆಗಳನ್ನು ಡಬ್ಬಿಯೊಳಗೇ ಇಡಿ. ಮೇಜಿನ ಅಂಚಿನಲ್ಲಿಟ್ಟರೆ ನಡುವೆ ಯಾರೋ ರಾಶಿಗೆ ಸೇರಿಸಿಬಿಡುತ್ತಾರೆ.

ಹೇಳಿಕೊಡುವಾಗ ಆಟ ಮುಗಿಯುವುದರಿಂದ ಶುರು ಮಾಡುವುದು ವಾಸಿ: ಒಬ್ಬರಿಗೆ 15 ಅಂಕ ಬಂದರೆ ಆ ಸುತ್ತು ಮುಗಿಸಿ ಎಣಿಕೆ. ಎಲ್ಲರಿಗೂ ಸಮ ಸರದಿ ಸಿಗಬೇಕಲ್ಲ, ಅದಕ್ಕೆ ಮೊದಲು ಆಡಿದವರ ಮುಂದೆ ಒಂದು ಕವಡೆ ಇಟ್ಟರಾಯಿತು. ಕೊನೆಗೆ ‘ಶುರು ಮಾಡಿದ್ದು ಯಾರು’ ಅನ್ನುವ ಜಗಳವಿಲ್ಲ. ಆಮೇಲೆ ಕಾರ್ಡು. ಹೊಸಬರು ಎಡವುವುದು ಇಲ್ಲೇ. ಕೊಂಡ ಕಾರ್ಡಿನ ಮೇಲಿನ ರತ್ನವನ್ನೂ ಬಿಲ್ಲೆಯಂತೆ ವಾಪಸ್ ಕೊಡಲು ಹೋಗುತ್ತಾರೆ. ಅದು ಖರ್ಚಾಗುವುದಿಲ್ಲ, ಪ್ರತಿ ಸಲ ಸಿಗುವ ರಿಯಾಯಿತಿ. ಮಾತಲ್ಲಿ ಹೇಳಿದರೆ ತಲೆಗೆ ಹೋಗದು. ಮೂರು ನೀಲಿ ಬೆಲೆಯ ಕಾರ್ಡು ಎತ್ತಿ, ಮುಂದೆ ಒಂದು ನೀಲಿ ಕಾರ್ಡು ಇಟ್ಟು, ಎರಡೇ ಬಿಲ್ಲೆ ಕೊಟ್ಟು ತೋರಿಸಿ. ಗಣ್ಯರು ಬರುವುದೂ ಕಾರ್ಡಿನ ರತ್ನ ನೋಡಿಯೇ, ಕೈಯ ಬಿಲ್ಲೆ ಲೆಕ್ಕಕ್ಕಿಲ್ಲ.

ಬಣ್ಣದ ಬಿಲ್ಲೆ ಜೋಡಿಸುವ ಆಟ ಅಜುಲ್‌ನಲ್ಲಿ ಇಷ್ಟು ತಾಪತ್ರಯವಿಲ್ಲ: ಇಬ್ಬರಿಗೆ 5 ತಟ್ಟೆ, ಮೂವರಿಗೆ 7, ನಾಲ್ವರಿಗೆ 9, ತಟ್ಟೆಗೆ ನಾಲ್ಕು ಬಿಲ್ಲೆ.

ಐವರಾದಾಗ ಎರಡೂ ನಡೆಯುವುದಿಲ್ಲ, ನಕ್ಷೆಯ ಮೇಲೆ ರೈಲು ಹಳಿ ಹಿಡಿಯುವ ಟಿಕೆಟ್ ಟು ರೈಡ್ ತೆಗೆಯಬೇಕು. ಒಬ್ಬೊಬ್ಬರಿಗೆ 45 ರೈಲು ಡಬ್ಬಿ. ಇದರ ಕಷ್ಟ ಬೇರೆ: ಎಷ್ಟು ಜನವಾದರೂ ಹಲಗೆಯಿಂದ ಏನೂ ತೆಗೆಯುವುದಿಲ್ಲ, ಹಾಗಾಗಿ ನಿಯಮ ಮರೆತೇಹೋಗುತ್ತದೆ. ಇಬ್ಬರು ಮೂವರಿದ್ದರೆ ಎರಡು ಊರಿನ ನಡುವಿನ ಜೋಡಿ ಹಳಿಯಲ್ಲಿ ಒಂದು ಹೋದ ಮೇಲೆ ಇನ್ನೊಂದು ಮುಚ್ಚಿತು. ನಾಲ್ವರು ಐವರಿಗೆ ಎರಡೂ ತೆರೆದಿರುತ್ತವೆ, ಆದರೆ ಒಬ್ಬರೇ ಎರಡನ್ನೂ ಹಿಡಿಯುವಂತಿಲ್ಲ. ಆರನೆಯವರು ಬಂದರೆ ಮೂರು ಮೂರಾಗಿ ಎರಡು ಮೇಜು ಮಾಡುವುದೇ ಸರಿ. ಹೆಚ್ಚು ಜನ ಅಂದರೆ ಹೆಚ್ಚು ಕಾಯುವುದು.

ಕರೆಂಟ್ ಹೋದಾಗ ಮೇಣದಬತ್ತಿ ಬೆಳಕಲ್ಲಿ ನೀಲಿ, ಹಸಿರು ಗುರುತು ಸಿಗುವುದಿಲ್ಲ. ಈ ಥಂಡಿಗೆ ಕಾರ್ಡು ಬಾಗುತ್ತವೆ. ಪ್ಲಾಸ್ಟಿಕ್ ಕವರ್ ಹಾಕಿ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಒಳಗಿಟ್ಟಿದೆ.