ತಂದೆ ಓಡಿದ್ದೇಕೆ?

ಕಳೆದ ಭಾನುವಾರ ಬಳ್ಳಾರಿಯ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯವನ್ನು, ಅಂದರೆ ಆಸ್ತಿಯ ಪಾಲನ್ನು ದೂರದೇಶದಲ್ಲಿ ಹಾಳುಮಾಡಿ ಹಂದಿ ಮೇಯಿಸುವ ಗತಿಗೆ ಬಂದು ಮನೆಗೆ ಮರಳುವ ಮಗನನ್ನು ತಂದೆ ಓಡಿಹೋಗಿ ಅಪ್ಪಿಕೊಳ್ಳುವ, ಯೇಸು ಹೇಳಿದ ದೃಷ್ಟಾಂತ ಕಥೆಯನ್ನು ಹೇಳುತ್ತಿದ್ದಾಗ, ಐದನೇ ತರಗತಿಯ ಹುಡುಗನೊಬ್ಬ ಕೈ ಎತ್ತಿ, "ಮಗ ಹೆಂಗೂ ಮನಿಗೇ ಬರಾಕತ್ತಿದ್ನಲ್ರೀ ಸರ್, ಅಪ್ಪ ಯಾಕ ಓಡಿದ?" ಎಂದು ಕೇಳಿದ. ಪ್ರೀತಿಯಿಂದ ಎಂದೆ. ಆ ಉತ್ತರ ಅವನಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಜಮಖಾನೆ ಮಡಚಲೆಂದು ಬಂದು ಬಾಗಿಲಲ್ಲಿ ನಿಂತಿದ್ದ ಹಿರಿಯ ತಾಯಿಯೊಬ್ಬರು, "ಆಸ್ತಿ ಹಾಳ್ ಮಾಡಿ ಬಂದಾನಪ್ಪ. ಊರ ಮಂದಿ ಬಾಯಿಗೆ ಸಿಗೂಕಿಂತ ಮೊದ್ಲು ನನ್ನ ಕೈಗೆ ಸಿಗ್ಲಿ ಅಂತ ಓಡ್ಯಾನ" ಎಂದರು.

ಅಂದಿನಿಂದ ಆ ಮಾತು ಕಿವಿಯಲ್ಲೇ ಇದೆ. ಅಕ್ಷರ ಕೂಡಿಸಿ ಓದುವ ಆ ತಾಯಿ ಸುವಾರ್ತೆಯನ್ನು ನಮ್ಮಂಥ ಬೋಧಕರಿಗಿಂತ ಹತ್ತಿರದಿಂದ ಬಲ್ಲರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕುಳಿತ ಕಾಲದಿಂದ ಈ ಊರು ಈ ಕಥೆಯನ್ನು ಕೇಳುತ್ತ ಬಂದಿದೆ. ನಾನೇ ಇಪ್ಪತ್ತು ವರ್ಷ ಹೇಳಿದ್ದೇನೆ, ಅದೂ ಮಗನ ಪಶ್ಚಾತ್ತಾಪದ ಕಥೆಯಾಗಿ. ಮನೆಗೆ ಬಂದು ನಿಧಾನವಾಗಿ ಓದಿದೆ. ಮಗ ತಪ್ಪೊಪ್ಪಿಗೆಯನ್ನು ಹಂದಿಗಳ ನಡುವೆಯೇ ಪೋಣಿಸಿಕೊಂಡು ಬಂದಿದ್ದಾನೆ. ಅದರ ಒಂದಕ್ಷರ ಕಿವಿಗೆ ಬೀಳುವ ಮೊದಲೇ ತಂದೆ ಓಡಿಬಂದು ಅಪ್ಪಿ ಮುದ್ದಿಟ್ಟಿದ್ದಾನೆ. ಕೂಲಿಯಾಳಿನಂತೆ ಇಟ್ಟುಕೋ ಎಂಬ ಕೊನೆಯ ಮಾತಂತೂ ಹೊರಡುವುದೇ ಇಲ್ಲ, ಅಷ್ಟರಲ್ಲಿ ನಿಲುವಂಗಿ, ಉಂಗುರ, ಜೋಡು ತರಲು ಹೇಳಿಯಾಗಿದೆ. ಯೋಹಾನನು ತನ್ನ ಮೊದಲನೆಯ ಪತ್ರದಲ್ಲಿ ದೇವರು ಪ್ರೀತಿಸ್ವರೂಪಿ ಎಂದು ಬರೆದು, ಆತನೇ ನಮ್ಮನ್ನು ಮೊದಲು ಪ್ರೀತಿಸಿದನು ಎನ್ನುತ್ತಾನಲ್ಲ, ಆ 'ಮೊದಲು' ಎಂಬ ಪದದ ಮೇಲೆ ನಾನು ಎಂದೂ ಬೆರಳಿಟ್ಟು ನಿಂತಿರಲಿಲ್ಲ.

ಹೊಲದ ಹಂಚಿಕೆಯಲ್ಲಿ ಮಾತಿಗೆ ಮಾತು ಬೆಳೆದು ನನ್ನ ತಮ್ಮ ಸಿರುಗುಪ್ಪಕ್ಕೆ ಹೋಗಿ ನೆಲೆಸಿ ನಾಲ್ಕು ವರ್ಷವಾಯಿತು. ಅವನು ಬಂದು ತಪ್ಪಾಯಿತು ಅನ್ನಲಿ ಎಂದು ಕಾದೆ. ಬಾಗಿಲು ತೆರೆದೇ ಇದೆ ಎಂದು ಬಂಧುಗಳ ಮುಂದೆ ಹೇಳಿಕೊಂಡು ದೊಡ್ಡವನೂ ಆದೆ. ಸಾಮ್ಯದ ತಂದೆ ಬಾಗಿಲು ತೆರೆದಿಟ್ಟು ಒಳಗೆ ಕೂತಿರಲಿಲ್ಲ.

ಗುರುವಾರ ರಾತ್ರಿ ಫೋನ್ ಮಾಡಿದೆ. ಎರಡನೇ ಸಲಕ್ಕೆ ಎತ್ತಿದವನು ಗಾಬರಿಯಿಂದ, "ಅಣ್ಣಾ, ಅವ್ವಗ ಏನಾತು?" ಎಂದ. ಅವ್ವ ಆರಾಮದಾಳ, ನಿನ್ನ ಕೂಡ ಮಾತಾಡಾಕ ಅಂತ ಮಾಡೀನಿ ಎಂಬಷ್ಟನ್ನು ಹೇಳಿ ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.