ಬಲಗಡೆಯ ಕೊನೆಯ ಎಳೆ

ಅಂತೂ ಮಗ್ಗದ ಮೇಲಿನ ನನ್ನ ಬಟ್ಟೆಯ ಅಂಚು ಬಿಟ್ಟುಹೋಗದೆ ನಿಂತಿತು. ಎರಡೂ ಕಡೆ, ವಜ್ರದ ವಿನ್ಯಾಸ ಹಿಂದಕ್ಕೆ ತಿರುಗುವ ಜಾಗದಲ್ಲೂ. ಪಕ್ಕದ ಮಗ್ಗದವರನ್ನು ಕರೆದು ತೋರಿಸಿದೆ. "ಅಂಚು ತಾನೇ? ಇರಬೇಕಾದದ್ದೇ" ಎಂದು ಹೇಳಿ ತಮ್ಮ ಕೆಲಸಕ್ಕೆ ಮರಳಿದರು. ಅವರದೂ ಇದೇ ವಿನ್ಯಾಸ, ಆದರೆ ಇನ್ನೂ ಹಣಿಗೆಯ ಹಲ್ಲುಗಳ ನಡುವೆ ಎಳೆ ತೂರಿಸುವುದರಲ್ಲೇ ಇದ್ದಾರೆ. ಅವರ ಸರದಿ ಬರಲಿ.

ಹಾಸು (ಉದ್ದದ ಎಳೆಗಳು) ಸುತ್ತಿದ್ದು, ಒಂದೊಂದು ಎಳೆಯನ್ನೂ ಹೆಡಲ್ ಎಂಬ ಕಣ್ಣಿನಲ್ಲಿ ಪೋಣಿಸಿದ್ದು ಇಲ್ಲಿ ಬೇಡ. ಆ ಕೆಲಸ ಏನೆಂದು ನಿಮ್ಮ ಬೆನ್ನಿಗೇ ಗೊತ್ತು. ನೂಲಿನ ಬಗ್ಗೆ ಮಾತ್ರ ಸ್ವಲ್ಪ ಗೊಣಗಿಕೊಳ್ಳುತ್ತೇನೆ. ಇಡೀ ತರಗತಿಗೆ ಒಟ್ಟಿಗೆ ತರಿಸಿದ್ದು 20ರ ಎರಡೆಳೆ ಹತ್ತಿ, ಅಂದರೆ 20ನೇ ನಂಬರಿನ ಎರಡು ಎಳೆ ಸೇರಿಸಿ ಹೊಸೆದ ನೂಲು. ಲೆಕ್ಕದ ಪ್ರಕಾರ ಪೌಂಡಿಗೆ 8,400 ಗಜ ಬರಬೇಕು: 840 ಗಜದ 20 ಲಡಿಗಳ ಅರ್ಧ. ನಮಗೆ ಬಂದದ್ದು ಎಷ್ಟೆಂದು ಅಳೆಯುವ ಧೈರ್ಯ ಯಾರಿಗೂ ಇಲ್ಲ. ಒಂದೇ ಸಂಖ್ಯೆಯ ನೀಲಿಯಲ್ಲಿ ಎರಡು ನೀಲಿಗಳಿದ್ದವು. ಮಾರಿದವರಿಗೆ ಹೇಳಿದರೆ, ಒಗೆದರೆ ಒಂದಾಗುತ್ತದೆ ಎಂದರು. ಒಗೆದೆವು. ಎರಡೂ ಸಮನಾಗಿ ಮಾಸಿದವು, ಅಂತರ ಮಾತ್ರ ಕದಲಲಿಲ್ಲ.

ಈಗ ಕಾಟದ ವಿಷಯ. ನಾಲ್ಕು ಶಾಫ್ಟ್‌ಗಳ ಮಗ್ಗ, ಎರಡು ಮೇಲೆ ಎರಡು ಕೆಳಗೆ ಬರುವ ಟ್ವಿಲ್ (ಓರೆ ಗೆರೆಯ ನೇಯ್ಗೆ). ಶಾಫ್ಟ್ ಎಂದರೆ ಹೆಡಲ್ ಹೊತ್ತು ಎಳೆಗಳನ್ನು ಎತ್ತುವ ಚೌಕಟ್ಟು. ಪೋಣಿಸಿದ ಕ್ರಮ 1-2-3-4-3-2, ಇದೇ ಮತ್ತೆ ಮತ್ತೆ ಬಂದು, ಎರಡೂ ಬದಿ ಒಂದೇ ರೀತಿ ಕಾಣಲೆಂದು ಕೊನೆಗೊಂದು 1. ಪೆಡಲ್ ತುಳಿಯುವ ಕ್ರಮ, ಅಂದರೆ ಪ್ರತಿ ಹೊಕ್ಕಿಗೆ (ಅಡ್ಡ ನೂಲಿನ ಒಂದು ಸಾಲಿಗೆ) ಮೇಲೇಳುವ ಶಾಫ್ಟ್ ಜೋಡಿ, 1-2, 2-3, 3-4, 4-1. ನಾಲ್ಕು ಬೆರಳಗಲ ನೇಯ್ದಾಗ ನೋಡಿದರೆ ಎಡಗಡೆ ಅಂಚು ಗೆರೆ ಎಳೆದಂತಿದೆ. ಬಲಗಡೆ ಕೊನೆಯ ಎಳೆ ಬಟ್ಟೆಯ ಸಂಬಂಧವೇ ಬೇಡವೆಂಬಂತೆ ಪಕ್ಕಕ್ಕೆ ಬಿದ್ದುಕೊಂಡಿದೆ. ಬಿಚ್ಚಿ, ಅಡ್ಡ ನೂಲು ಹೊತ್ತು ಓಡುವ ಲಾಳಿಯನ್ನು ಎದುರು ಬದಿಯಿಂದ ಶುರುಮಾಡಿದೆ. ಬಲಗಡೆ ಸರಿಹೋಯಿತು, ಎಡಗಡೆ ಕೈಕೊಟ್ಟಿತು.

ತರಗತಿಯಲ್ಲಿ ಸಲಹೆಗೆ ಬರವಿಲ್ಲ. ಹೊಕ್ಕನ್ನು ಸಡಿಲ ಬಿಡಿ ಎಂದರು ಒಬ್ಬರು, ಬಿಗಿ ಮಾಡಿ ಎಂದರು ಇನ್ನೊಬ್ಬರು. ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿದ್ದೇ ಸರಿಯಿಲ್ಲ ಎಂದು ಮೂರನೆಯವರು ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಪರೀಕ್ಷಿಸಿದರು. ನಮ್ಮ ಶಿಕ್ಷಕಿ ಮಾತ್ರ ಒಂದು ಚೌಕುಳಿ ಹಾಳೆ ಮುಂದಿಟ್ಟು "ಅಂಚಿನ ಎಳೆಯನ್ನಷ್ಟೇ ಬರೆಯಿರಿ" ಎಂದು ಮುಂದಿನ ಮಗ್ಗಕ್ಕೆ ಹೋದರು.

ಬರೆದ ಮೇಲೆ ಗುಟ್ಟು ಬಯಲಾಯಿತು. 1ನೇ ಶಾಫ್ಟ್‌ನ ಎಳೆ ನಾಲ್ಕು ಹೊಕ್ಕುಗಳಲ್ಲಿ ಮೇಲೆ, ಕೆಳಗೆ, ಕೆಳಗೆ, ಮೇಲೆ. ಲಾಳಿ ಆ ಬದಿಯಿಂದ ಹೊರಬಂದು ಮತ್ತೆ ಒಳಹೋಗುವ ನಡುವೆ ಅಂಚಿನ ಎಳೆ ಜಾಗ ಬದಲಿಸಿದರೆ ಮಾತ್ರ ನೂಲು ಅದನ್ನು ಹಿಡಿಯುತ್ತದೆ. ಆ ಬದಲಾವಣೆ ಆಗುವುದು ಮೊದಲ ಮತ್ತು ಮೂರನೇ ಹೊಕ್ಕುಗಳ ನಂತರ. ಆದರೆ ಲಾಳಿ ಒಂದು ಬದಿಗೆ ಬೆಸ ಹೊಕ್ಕಿನಲ್ಲಿ ಬಂದರೆ ಇನ್ನೊಂದು ಬದಿಗೆ ಸಮ ಹೊಕ್ಕಿನಲ್ಲೇ ಬರಬೇಕು. ಎರಡೂ ಬದಿಯಲ್ಲಿ 1 ಇದ್ದರೆ ಒಂದು ಬದಿ ಸೋಲುವುದು ಖಂಡಿತ. ಒಂದು ಅಂಚು ಬೆಸ ಶಾಫ್ಟ್‌ನಲ್ಲಿ, ಇನ್ನೊಂದು ಸಮ ಶಾಫ್ಟ್‌ನಲ್ಲಿ ಇರಬೇಕು. ಅಂದಕ್ಕೆಂದು ಸೇರಿಸಿದ ಆ ಕೊನೆಯ 1ನ್ನು ಕಿತ್ತೆಸೆದು, ಬಲ ಅಂಚು 2ಕ್ಕೆ ಬಂದದ್ದೇ ತಡ, ಬಲಗಡೆಯಿಂದ ಲಾಳಿ ಬಿಟ್ಟರೆ ಎರಡೂ ಅಂಚುಗಳು ಗಟ್ಟಿ. ಇಷ್ಟೆಲ್ಲ ರಂಪಕ್ಕೆ ಪರಿಹಾರ ಒಂದು ಎಳೆ ಕಡಿಮೆ ಮಾಡುವುದು!

ಆ ಖುಷಿಯಲ್ಲಿ ಮುಂದಿನ ಹೊದಿಕೆಯ ಯೋಜನೆಯನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಬಿಟ್ಟೆ. ಇದೇ ನಾಲ್ಕು ಶಾಫ್ಟ್‌ಗಳಲ್ಲಿ ಎರಡು ಪದರದ ಸಾದಾ ನೇಯ್ಗೆ: ಮೇಲಿನದು, ಕೆಳಗಿನದು, ಕೆಳಗಿನದು, ಮೇಲಿನದು ಎಂಬ ಕ್ರಮದಲ್ಲಿ ನೇಯ್ದರೆ ಒಂದು ಬದಿ ಮಡಿಕೆಯಾಗಿ ಸೇರಿಕೊಂಡಿರುತ್ತದೆ, ಇನ್ನೊಂದು ಬದಿ ತೆರೆದಿರುತ್ತದೆ. ಮಗ್ಗದಿಂದ ಇಳಿಸಿ ಬಿಡಿಸಿದರೆ ಅಗಲ ದುಪ್ಪಟ್ಟು. ಮಡಿಕೆಯಲ್ಲಿ ಎಳೆಗಳು ಒತ್ತೊತ್ತಾಗಿ ನಡುವೆ ಪಟ್ಟೆ ಬೀಳುತ್ತದೆಯಂತೆ. ಅಲ್ಲೊಂದು ನೈಲಾನ್ ಗಾಳದ ದಾರ ಹಾಕಿ ಕೊನೆಗೆ ಎಳೆದು ತೆಗೆಯುವ ಉಪಾಯವಿದೆ. ಗಾಳದ ದಾರ ಆಗಲೇ ಕೊಂಡಾಗಿದೆ. ಹೊದಿಕೆಯ ನೂಲು ಎಲ್ಲಿಂದ ಬರಬೇಕೋ ದೇವರೇ ಬಲ್ಲ. ಈ ನೀಲಿಗಳಿಂದಂತೂ ಅಲ್ಲ.

ಸರಿ, ವಜ್ರಕ್ಕೆ ಬರೋಣ. ಈ ಪೋಣಿಕೆಯಿಂದ ಬರುವ ಅಂಕುಡೊಂಕು ಗೆರೆ ವಜ್ರವಾಗಬೇಕಾದರೆ ತುಳಿತ ಹಿಂದಕ್ಕೆ ಹೊರಳಬೇಕು: 4-1 ಆದ ಮೇಲೆ 3-4, 2-3, 1-2. ಹೊರಳಿದ್ದೇ ತಡ, ಎರಡೂ ಅಂಚುಗಳು ಒಟ್ಟಿಗೆ ಬಿಟ್ಟುಹೋದವು. ಮತ್ತೆ ಚೌಕುಳಿ ಹಾಳೆ. ಮುಂದಕ್ಕೆ ತುಳಿಯುವಾಗ ಬದಲಾವಣೆ ಸಿಗುತ್ತಿದ್ದ ಜಾಗದಲ್ಲಿ ಹಿಂದಕ್ಕೆ ತುಳಿದರೆ ಬದಲಾವಣೆಯೇ ಇಲ್ಲ. ಎಳೆ ಕಿತ್ತರೂ ಅಷ್ಟೇ, ಸೇರಿಸಿದರೂ ಅಷ್ಟೇ.

ಕೊನೆಗೆ ಹಿಡಿದ ದಾರಿ ತೇಲುವ ಎಳೆಯದು. ಎರಡೂ ತುದಿಗಳಲ್ಲಿ ಒಂದೊಂದು ಹೆಚ್ಚಿನ ಎಳೆ. ಹಣಿಗೆಯಲ್ಲಿ ಹಾದುಹೋಗುತ್ತದೆ, ಹೆಡಲ್‌ನಲ್ಲಿ ಇಲ್ಲ. ಹಾಸು ಬಾಯಿ ತೆರೆದಾಗ ಅದು ಏಳದೆ ಬೀಳದೆ ನಟ್ಟನಡುವೆ ನಿಲ್ಲುತ್ತದೆ. ಲಾಳಿ ಒಳಹೋಗುವಾಗ ಅದರ ಮೇಲೆ, ಹೊರಬರುವಾಗ ಅದರ ಕೆಳಗೆ. ಪೆಡಲ್ ಯಾವ ಕ್ರಮದಲ್ಲಿ ತುಳಿದರೂ ನೂಲು ಅದನ್ನು ಸುತ್ತಿಕೊಳ್ಳಲೇಬೇಕು. ಪ್ರತಿ ಹೊಕ್ಕಿಗೂ ಲಾಳಿಯ ಮೂತಿಯನ್ನು ಒಮ್ಮೆ ಎತ್ತಿ ಒಮ್ಮೆ ತಗ್ಗಿಸಬೇಕಾದ್ದರಿಂದ ವೇಗ ಬೀಳುತ್ತದೆ. ಮೂಲೆಯಲ್ಲಿರುವ ಹಾರುವ ಲಾಳಿಯ ಮಗ್ಗಕ್ಕೆ ನಾವೆಲ್ಲ ಸರದಿ ಹಚ್ಚಿದ್ದೇವೆ. ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುವ ಆ ಏರ್ಪಾಟಿಗೆ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ. ಈ ಮೇಲೆ-ಕೆಳಗೆ ಆಟ ಅದರಲ್ಲಿ ಸುಲಭವಲ್ಲ. ಸದ್ಯಕ್ಕೆ ನನ್ನ ಕೈಲಾಳಿಯೇ ಮೇಲು.

ಒಂದು ಎಚ್ಚರಿಕೆ: ತೇಲುವ ಎಳೆಯನ್ನು ಉಳಿದ ಹಾಸಿನ ಜೊತೆ ದಿಂಡಿಗೆ (ಹಾಸು ಸುತ್ತಿದ ಉರುಳೆಗೆ) ಬಿಗಿಯಬೇಡಿ. ಅದು ಬಟ್ಟೆಯೊಳಗೆ ಸೇರಿ ಖರ್ಚಾಗುವ ಅಳತೆಯೇ ಬೇರೆ. ಸ್ವಲ್ಪ ಹೊತ್ತಿನಲ್ಲೇ ಬಿಗಿತ ಏರುಪೇರಾಗುತ್ತದೆ. ಹಿಂದೆ ಇಳಿಬಿಟ್ಟು ತೂಕ ಕಟ್ಟಿ. ನಾನು ಕಟ್ಟಿರುವುದು ನೀರು ತುಂಬಿದ ಚಿಕ್ಕ ಬಾಟಲಿಗಳನ್ನು. ಬಿಗಿ ಸಾಲದಿದ್ದರೆ ನೀರು ಹಾಕಬಹುದು, ಹೆಚ್ಚಾದರೆ ಚೆಲ್ಲಬಹುದು. ಮುಚ್ಚಳ ಗಟ್ಟಿಯಾಗಿರಲಿ. ಎಡಗಡೆಯ ಬಾಟಲಿ ಹಿಂದಿನ ಮಗ್ಗದವರ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತೆಂದು ತರಗತಿ ಮುಗಿದ ಮೇಲೆ ತಿಳಿಯಿತು. ಬಲಗಡೆಯ ಎಳೆ ಹಣಿಗೆಗೆ ಉಜ್ಜಿ ಜುಂಜು ಏಳುತ್ತಿದೆ. ಅಲ್ಲಿಗೆ ಜೋಡಿ ಎಳೆ ಹಾಕಿ, ಉಳಿದ ಮೂರು ವಜ್ರ ಮುಗಿಸಬೇಕು.